ತುಕ್ಕುಮೊಳೆ ಕೈಪಿಡಿಗೆ ಒಂದು ತಿದ್ದುಪಡಿ

ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ ಮೂಗಿಗೆ ತಾಗಿದರೆ ಸಾಕು, ಕಿವಿಯಣ್ಣ ಮತ್ತೆ ಚಡ್ಡಿ ಹಾಕಿದ ಹುಡುಗನಾಗಿಬಿಡುತ್ತಿದ್ದ. ಸೋದರಮಾವನ ರೇಡಿಯೊ ರಿಪೇರಿ ಅಂಗಡಿಯಲ್ಲಿ, ಆ ಹೊಗೆಯ ನಡುವೆ ಕೂತೇ ಅವನು ಮೊದಲ ಸಲ ‘ತುಕ್ಕುಮೊಳೆ’ಯ ಕ್ಯಾಸೆಟ್ ಕೇಳಿದ್ದು.

ತುಕ್ಕುಮೊಳೆ ಎಂಬುದು ಒಂದು ಪಂಕ್ ರಾಕ್ ಬ್ಯಾಂಡು. ನಾಲ್ವರೂ ತಲೆಗೆ ಗೋಣಿಚೀಲ ಹಾಕಿಕೊಂಡು ವೇದಿಕೆ ಹತ್ತಿ, ಎರಡೆರಡು ನಿಮಿಷದ ಹಾಡುಗಳಲ್ಲಿ ಇಡೀ ಲೋಕವನ್ನು ಬೈದು ಇಳಿಯುತ್ತಿದ್ದರು. ಅವರ ಮುಖ ಕಂಡವರಿಲ್ಲ, ನಿಜ ಹೆಸರು ಗೊತ್ತಿದ್ದವರಿಲ್ಲ. ಮೂರು ಆಲ್ಬಮ್ ಮಾಡಿ, ಜಗಳ ಆಡಿಕೊಂಡು, ಎಲ್ಲೋ ಕರಗಿಹೋದರು.

“ಅದನ್ನ ಕೇಳಿದರೆ ಕಿವಿ ಕೆಟ್ಟೀತು ಕಣೋ!” ಎಂದು ಮಾವ ಗದರಿಸಿದ್ದ. ಕೆಟ್ಟದ್ದು ಊರವರ ಕಿವಿ. ಸೋದರಳಿಯನಿಗೆ ಅದೇ ಹೊಟ್ಟೆಪಾಡಾಯಿತು. ದೊಡ್ಡವನಾದ ಮೇಲೆ ಅವನು ಶ್ರವಣಯಂತ್ರದ ಚಿಕಿತ್ಸಾಲಯದಲ್ಲಿ ಕಿವಿ ಪರೀಕ್ಷೆ ಮಾಡುವವನಾದ, ಕಿವಿಯಣ್ಣ ಎನಿಸಿಕೊಂಡ.

ಈಚೆಗೆ ಅವನು ತನ್ನ ಖರ್ಚಿನಲ್ಲೇ ಒಂದು ತೆಳ್ಳನೆಯ ಪುಸ್ತಕ ಅಚ್ಚು ಹಾಕಿಸಿದ್ದ: ‘ತುಕ್ಕುಮೊಳೆಯ ಆಲ್ಬಮ್‌ಗಳು: ಅಭಿಮಾನಿಯ ಕೈಪಿಡಿ’. ಚಿಕಿತ್ಸಾಲಯದಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟು, ಉಳಿದದ್ದನ್ನು ಕಾಯುವವರ ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಆ ನಾಲ್ವರಲ್ಲಿ ಯಾರಾದರೂ ಒಬ್ಬರು ಅದನ್ನು ಓದಬೇಕು, ಒಂದು ದಿನ ತನ್ನೆದುರು ಕೂತು ಎರಡು ಮಾತಾಡಬೇಕು. ಬದುಕಿನಲ್ಲಿ ಅವನಿಗೆ ಇದ್ದದ್ದು ಅದೊಂದೇ ಆಸೆ.

ಆ ಆಸೆ ಹೀಗೆ ದಿಢೀರನೆ ಈಡೇರೀತೆಂದು ಅವನು ಎಣಿಸಿರಲಿಲ್ಲ.

“ನಿಮಗೊಂದು ಫೋನ್ ಬಂದಿತ್ತು,” ಎಂದಳು ಕೌಂಟರಿನ ಅಕ್ಕ, ಅವನು ಬ್ಯಾಗು ಕೆಳಗಿಡುವ ಮೊದಲೇ. “ಪುಸ್ತಕ ಬರೆದವರು ಇವತ್ತು ಇರ್ತಾರಾ, ಮೂರನೇ ಆಲ್ಬಮ್ ಬಗ್ಗೆ ಬರೆದದ್ದಕ್ಕೆ ಅವರನ್ನ ನೋಡಲೇಬೇಕು, ಮಧ್ಯಾಹ್ನ ಬರ್ತೀನಿ ಅಂತ. ಹೆಸರು ಕೇಳಿದ್ರೆ, ಗುದ್ದಲಿ ಅಂದ್ರೆ ಸಾಕು, ಅವರಿಗೆ ಗೊತ್ತಾಗತ್ತೆ ಅಂದ್ರು. ಅಬ್ಬಬ್ಬಾ, ಏನು ದನಿ! ಕಬ್ಬಿಣಕ್ಕೆ ಅರ ಉಜ್ಜಿದ ಹಾಗೆ.”

ಕಿವಿಯಣ್ಣ ಬ್ಯಾಗನ್ನು ಎದೆಗೆ ಅವುಚಿಕೊಂಡ. ಗುದ್ದಲಿ ಎಂದರೆ ತುಕ್ಕುಮೊಳೆಯ ಡ್ರಮ್ಮರ್. ಹಿಂದೊಮ್ಮೆ ಟೀಕೆ ಬರೆದ ಪತ್ರಕರ್ತನ ಮೇಲೆ ತಾಳದ ತಟ್ಟೆಯನ್ನೇ ಬೀಸಿದ ಆಸಾಮಿ ಎಂದು ಅಭಿಮಾನಿಗಳ ನಡುವೆ ಪ್ರತೀತಿ. ಮೊದಲೆರಡು ಆಲ್ಬಮ್‌ಗಳಲ್ಲಿ ಗುದ್ದಲಿಯನ್ನು ಆಕಾಶಕ್ಕೆ ಏರಿಸಿದ್ದ ಕಿವಿಯಣ್ಣ, ಮೂರನೆಯದಾದ ‘ಗೋಡೆಗೆ ಹಣೆ’ಯ ಬಗ್ಗೆ ಬರೆದದ್ದು ಇಷ್ಟು: “ಇಲ್ಲಿ ಗುದ್ದಲಿಯ ಕೈಗೆ ಏನಾಯಿತೋ ಕಾಣೆ. ಮೆಟ್ಟಿಲ ಮೇಲಿಂದ ಅಲ್ಮೇರಾ ಉರುಳಿಸಿದರೂ ಇದಕ್ಕಿಂತ ಹೆಚ್ಚು ಲಯವಿರುತ್ತದೆ.”

“ಅಲ್ಮೇರಾ ಅಂತ ಬರೀಬಾರದಿತ್ತು,” ಎಂದು ಅಕ್ಕ ಮರುಗಿದಳು. “ಪೆಟ್ಟಿಗೆ ಅಂದಿದ್ರೆ ಸಾಕಾಗ್ತಿತ್ತು.”

ಸುದ್ದಿ ಒಳಗೆ ಹೋಯಿತು. ಮಾಲೀಕರಾದ ಡಾಕ್ಟರ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಹೊಡೆದಾಟ ಆಗೋದಿದ್ರೆ ಬೀದೀಲಿ ಆಗ್ಲಿ. ಪರೀಕ್ಷೆ ಕೋಣೆ ಗಾಜಿಗೆ ಏನಾದ್ರೂ ಆದ್ರೆ ನಾನು ಸುಮ್ಮನಿರೋಳಲ್ಲ.”

“ನನಗೆ ಏನಾದ್ರೂ ಆದ್ರೆ, ಮೇಡಂ?”

“ನಿಮಗೆ ಚರ್ಮ ಬೆಳೆಯುತ್ತೆ. ಗಾಜಿಗೆ ಬೆಳೆಯಲ್ಲ.”

ಅಂದಿನಿಂದ, ಅಲ್ಲ, ಆ ಗಳಿಗೆಯಿಂದ ಕಿವಿಯಣ್ಣನ ಕಣ್ಣಿಗೆ ಬಂದವರೆಲ್ಲ ಗುದ್ದಲಿಯೇ. ಅಷ್ಟರಲ್ಲಿ ಬಾಗಿಲಷ್ಟು ಅಗಲದ ಒಬ್ಬ ಬಂದು ಪರೀಕ್ಷೆ ಕೋಣೆಯಲ್ಲಿ ಕೂತ. ಅಂಗೈ ತುಂಬ ಜಡ್ಡು. ಕಿವಿಗೆ ಹೆಡ್‌ಫೋನ್ ಹಾಕಿದ್ದೇ ತಡ, ಎರಡೂ ಕೈಗಳಿಂದ ತೊಡೆಯ ಮೇಲೆ ಪಟಪಟ ಬಡಿಯತೊಡಗಿದ. ಸಂಶಯವೇ ಉಳಿಯಲಿಲ್ಲ. ಕಿವಿಯಣ್ಣ ಗಾಜಿನ ಈಚೆಯಿಂದ ಮೈಕಿನಲ್ಲಿ, “ಮೂರನೇ ಆಲ್ಬಮ್ ತುಂಬಾ ಚೆನ್ನಾಗಿದೆ ಸಾರ್, ಎಲ್ಲರೂ ಹಾಗೇ ಹೇಳ್ತಾರೆ,” ಎಂದ.

ಆತ ಹೆಡ್‌ಫೋನ್ ಕಿತ್ತ. “ಅದೆಲ್ಲ ಇರ್ಲಿ ಸಾರ್, ಇಲ್ಲಿ ಬಾತ್‌ರೂಮ್ ಎಲ್ಲಿದೆ? ಆಗಿನಿಂದ ತಡ್ಕೊಂಡು ಕೂತಿದೀನಿ.”

ಪಾಪ, ಬಡಗಿಯಂತೆ.

“ಹೀಗೆ ಹೆದರಿ ಸಾಯೋ ಬದಲು ತಿದ್ದಿಬಿಡಿ,” ಎಂದರು ಮೇಡಂ. “ಒಂದು ಚೀಟಿ ಅಂಟಿಸಿ. ಬರೆದೋರು ನೀವೇ ತಾನೆ?”

ಬೆಂಕಿ ಬಿದ್ದ ಮನೆಗೆ ಬಾವಿಯೇ ನಡೆದು ಬಂದಂತಾಯಿತು. ಕಿವಿಯಣ್ಣ ಕೂತು ಹೊಸದಾಗಿ ಬರೆದ: “‘ಗೋಡೆಗೆ ಹಣೆ’ಯಲ್ಲಿ ಗುದ್ದಲಿಯ ಕೈಚಳಕ ಪರಮಾವಧಿ ಮುಟ್ಟಿದೆ. ಹಿಂದಿನ ಎರಡೂ ಆಲ್ಬಮ್‌ಗಳು ಇದರ ಮುಂದೆ ಬರೀ ಅಭ್ಯಾಸ.” ಅಕ್ಕ ಅದರ ಪ್ರತಿ ತೆಗೆದಳು, ಕತ್ತರಿಸಿದಳು. ತನ್ನ ಊಟದ ಬಿಡುವು ಬಿಟ್ಟು ಪ್ರತಿಯೊಂದು ಪುಸ್ತಕಕ್ಕೂ ಅಂಟು ಸವರಿದಳು. ಅಲ್ಮೇರಾ ಎಲ್ಲ ಕಡೆ ಮುಚ್ಚಿಹೋಯಿತು.

ಒಂದು ಪುಸ್ತಕ ಮಾತ್ರ ಉಳಿಯಿತು. ಅದು ಚಿಕಿತ್ಸಾಲಯದಲ್ಲಿ ಎಲ್ಲರೂ ಮೇಣದ ಮಾವ ಎನ್ನುತ್ತಿದ್ದವನದು. ಶ್ರವಣಯಂತ್ರಕ್ಕೆಂದು ಕಿವಿಯಲ್ಲಿ ಕೂರುವ ಅಚ್ಚುಗಳನ್ನು ಮಾಡುವ ವಯಸ್ಸಾದ ಕೆಲಸಗಾರ ಅವನು. ಅಚ್ಚು ತಲುಪಿಸಲು ಹೋಗುವುದೊಂದನ್ನು ಬಿಟ್ಟರೆ ಮೂಲೆಯ ಮೇಜಿನಿಂದ ಏಳುತ್ತಿರಲಿಲ್ಲ, ಹತ್ತು ಸಲ ಕರೆದರೆ ಒಂದು ಮಾತು. ಚಳಿಯ ದಿನಗಳಲ್ಲಿ ಅಚ್ಚನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಇನ್ನೊಬ್ಬರ ಕಿವಿಗಿಡುವುದು ಅವನ ಪದ್ಧತಿ.

“ಮಾವ, ನಿಮ್ಮ ಪುಸ್ತಕ ಕೊಡಿ, ಚೀಟಿ ಅಂಟಿಸ್ತೀನಿ.”

“ಬೇಡ.”

“ಯಾಕೆ ಮಾವ?”

“ಮೊದಲು ಓದಿದ್ದೇ ನಂಗೆ ಸರಿ ಅನ್ನಿಸ್ತು.” ಹೀಗೆಂದು ಪುಸ್ತಕವನ್ನು ತೊಡೆಯ ಕೆಳಗೆ ಸರಿಸಿ, ಕೆಲಸಕ್ಕೆ ತಲೆ ತಗ್ಗಿಸಿದ.

ಕಿವಿಯಣ್ಣನ ತಲೆಯಲ್ಲಿ ದೀಪ ಹತ್ತಿತು. ಚಿಕಿತ್ಸಾಲಯ ಬಿಟ್ಟು ಮನೆ ಮನೆಗೆ ಹೋಗಿ ಅಚ್ಚು ತಲುಪಿಸುವವನು ಈತನೊಬ್ಬನೇ. ಪುಸ್ತಕ ಗುದ್ದಲಿಗೆ ತಲುಪಿದ್ದು ಹೇಗೆ? ಗುದ್ದಲಿಗೆ ಇಲ್ಲಿನ ನಂಬರು ಕೊಟ್ಟವರಾರು? ಸಾಕ್ಷಿಗೆಂದು ಆ ಒಂದು ಪುಸ್ತಕವನ್ನು ಉಳಿಸಿಟ್ಟುಕೊಂಡಿರುವುದೇಕೆ? ಮಾತಾಡದವನ ಹೊಟ್ಟೆಯಲ್ಲಿ ಏನುಂಟೆಂದು ಯಾರು ಬಲ್ಲರು!

“ಮನೆಯೊಳಗಿನ ಬೆಕ್ಕೇ ಹಾಲಿಗೆ ಬಾಯಿ ಹಾಕಿದ್ದು ಅಕ್ಕ,” ಎಂದು ಅವನು ಪಿಸುಗುಟ್ಟಿದ.

“ನೀವು ಒಳಗಿರಿ. ನಾನು ಕೆಳಗೆ ಗೇಟಲ್ಲಿ ನಿಂತ್ಕೋತೀನಿ,” ಎಂದಳು ಅಕ್ಕ. “ದಾಂಡಿಗ ಯಾವನಾದ್ರೂ ಬಂದ್ರೆ ಅಲ್ಲಿಂದ್ಲೇ ಸಾಗಹಾಕ್ತೀನಿ.”

ಮಧ್ಯಾಹ್ನ ದಾಂಡಿಗ ಬರಲಿಲ್ಲ. ಬಂದದ್ದು ಒಬ್ಬ ಅಜ್ಜಿ. ಬಿಳಿ ಕೂದಲು, ಕೈಯಲ್ಲೊಂದು ಊಟದ ಡಬ್ಬಿ, ಏದುಸಿರು. ಅಕ್ಕನೇ ಕೈಹಿಡಿದು ಮೆಟ್ಟಿಲು ಹತ್ತಿಸಿ, ಮೆತ್ತೆಯಿರುವ ಕುರ್ಚಿಯಲ್ಲಿ ಕೂರಿಸಿ, ಮತ್ತೆ ಕಾವಲಿಗೆ ಓಡಿದಳು.

ಕಿವಿಯಣ್ಣನಿಗೆ ಹೋದ ಜೀವ ಬಂದಂತಾಯಿತು. ಮುದುಕಿಯ ಎದುರು ಯಾರು ತಾನೆ ಕೈಯೆತ್ತುತ್ತಾರೆ? ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತ. ಬೇಗ ಕಳಿಸಬಾರದು.

“ಅಜ್ಜಿ, ಒಂದು ಉಪಕಾರ ಮಾಡ್ತೀರಾ?” ಮೇಜಿನ ಮೇಲಿನ ಪುಸ್ತಕ ತೆಗೆದು, ಪುಟ ಬಿಡಿಸಿ, ಚೀಟಿಯ ಮೇಲೆ ಬೆರಳಿಟ್ಟ. “ಇದನ್ನ ಓದಿ. ಇದರಲ್ಲಿ ಯಾರಿಗಾದ್ರೂ ಸಿಟ್ಟು ಬರೋ ಅಂಥದ್ದು ಏನಾದ್ರೂ ಇದೆಯಾ?”

ಅಜ್ಜಿ ಓದಿದಳು. ಉಗುರಿನಿಂದ ಚೀಟಿಯ ಅಂಚನ್ನು ಒಮ್ಮೆ ಮುಟ್ಟಿ ನೋಡಿದಳು.

“ಇದನ್ನ ನೀನೇ ಬರೆದದ್ದಾ?”

“ಹೌದಜ್ಜಿ.”

“ಇದರಡಿ ಬೇರೆ ಏನೋ ಇತ್ತಲ್ಲ?”

“ಅದಾ? ಅದು ಬುದ್ಧಿ ಕೆಟ್ಟು ಬರೆದದ್ದು. ಆ ಡ್ರಮ್ಮು ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತಜ್ಜಿ. ನನ್ನ ಕೆಲಸದಾಣೆ.”

“ಮೊದಲೆರಡು ಬರೀ ಅಭ್ಯಾಸವಾ?”

“ಬರೀ ಅಭ್ಯಾಸ!”

ಅಜ್ಜಿ ಪುಸ್ತಕ ಮಡಚಿದಳು. ಆಗ ಅವನಿಗೆ ತಟ್ಟಿತು. ಏದುಸಿರು ಇಳಿದಿದ್ದರೂ ಅವಳ ದನಿಯ ಕರಕರ ಇಳಿದಿರಲಿಲ್ಲ. ಕಬ್ಬಿಣಕ್ಕೆ ಅರ ಉಜ್ಜಿದ ಹಾಗೆ.

“ಗುದ್ದಲಿ ಅಂದ್ರೆ ನಾನೇ ಕಣಪ್ಪ,” ಎಂದಳು ಅಜ್ಜಿ.

ಕಿವಿಯಣ್ಣ ಎದ್ದು ಕುರ್ಚಿಯ ಹಿಂದೆ ನಿಂತ. “ಅಮ್ಮಾ, ನಾನು ಬೇಕೂಂತ ಬರೆದದ್ದಲ್ಲ...”

“ಎರಡನೇ ಆಲ್ಬಮ್ ಮುಗಿಯೋ ಹೊತ್ತಿಗೆ ನನ್ನ ಕಿವಿ ಹೋಯ್ತು. ನನ್ನ ಗೋಣಿಚೀಲವನ್ನ ಹಾಡೋನ ಭಾವಮೈದನ ತಲೆಗೆ ಹಾಕಿ ಕೂರಿಸಿದ್ರು. ಮೂರನೇದು ಬಾರಿಸಿದ್ದು ಆ ದಡ್ಡ. ಯಾರಿಗೂ ಗೊತ್ತಾಗಲಿಲ್ಲ. ಒಬ್ಬರೂ ಅಲ್ಲ.” ಅಜ್ಜಿ ಕಿವಿಯ ಯಂತ್ರವನ್ನು ಸರಿಮಾಡಿಕೊಂಡಳು. “ಅದು ನಾನಲ್ಲ ಅಂತ ಒಬ್ಬನಿಗಾದ್ರೂ ಕೇಳಿಸೀತಾ ಅಂತ ಇಷ್ಟು ವರ್ಷ ಕಾದೆ. ಹೋದ ವಾರ ಅಚ್ಚು ಕೊಡೋಕೆ ಬಂದವರು ನಿನ್ನ ಪುಸ್ತಕದಲ್ಲಿ ಅಲ್ಮೇರಾ ಉರುಳಿಸೋ ಮಾತನ್ನ ಓದಿ ಹೇಳಿದ್ರು. ಆ ರಾತ್ರಿ ನಗ್ತಾ ನಗ್ತಾ ಮಲಗಿದೆ.”

“ಅಮ್ಮಾ, ಅಲ್ಮೇರಾ ಇಲ್ಲೇ ಇದೆ! ಕೆಳಗೇ ಇದೆ!” ಕಿವಿಯಣ್ಣ ಪುಸ್ತಕ ಕಸಿದು ಚೀಟಿ ಕೆರೆದ. ಅಕ್ಕನ ಅಂಟು ಪ್ರಾಮಾಣಿಕವಾಗಿತ್ತು. ಚೀಟಿಯ ಜೊತೆ ಪುಟವೂ ಕಿತ್ತು ಕೈಗೆ ಬಂತು.

“ಬಿಡಪ್ಪ, ಉಗುರು ನೋವಾದೀತು,” ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. “ಬರೆದೋನಿಗೆ ಅಂತ ಬೆಳಗ್ಗೆ ಎದ್ದು ನಾನೇ ಅಡುಗೆ ಮಾಡಿದ್ದೆ. ಅವನು ಇವತ್ತು ರಜಾ ಅಂತ ಕಾಣತ್ತೆ.”

ಅವಳು ಡಬ್ಬಿ ಹಿಡಿದು ಎದ್ದಳು. ಬೆಳಗಿನಿಂದ ಏನೂ ಕಾಣದ ಕಿವಿಯಣ್ಣನ ಹೊಟ್ಟೆ, ಶ್ರವಣಯಂತ್ರವಿಲ್ಲದವರಿಗೂ ಕೇಳುವಂತೆ ಗುರುಗುಟ್ಟಿತು. ಅಜ್ಜಿ ಮೆಲ್ಲಗೆ ನಡೆದು ಮೂಲೆಯ ಮೇಜಿನ ಬಳಿ ಹೋದಳು. ಮೇಣದ ಮಾವ ತಲೆಯೆತ್ತಿ ಕೈ ಒರೆಸಿಕೊಂಡ. ಅವಳು ಡಬ್ಬಿಯನ್ನು ಅವನ ಎರಡೂ ಕೈಗಳಲ್ಲಿ ಇಟ್ಟಳು.