ಹತ್ಕಳಿ ಸಾ

ಇರುವುದು ಒಂದೇ ನಿಯಮ. ಹಾಫ್ ಮ್ಯಾರಥಾನ್ ಎಂದರೆ ಇಪ್ಪತ್ತೊಂದು ಕಿಲೋಮೀಟರು ನೂರು ಮೀಟರು. ಅಷ್ಟನ್ನೂ ಸ್ವಂತ ಕಾಲಿನಲ್ಲೇ ಮುಗಿಸಬೇಕು, ಒಂದು ಮೀಟರೂ ಕಡಿಮೆಯಾಗಬಾರದು. ಮಿಡಿಗೇಶಿ ರಸ್ತೆಯಲ್ಲಿ ಈ ನಿಯಮವನ್ನು ಓಡಿದವರು ಮುರಿದರು, ಓಡಿಸಿದವರು ಮುರಿದರು. ಓಟಕ್ಕೆ ಸಂಬಂಧವೇ ಇಲ್ಲದವರು ನನ್ನ ಕೈಲಿ ಮುರಿಸಲು ನೋಡಿದರು. ನಿಯಮ ಎನ್ನುವವನ ಸುತ್ತಲೇ ಇಂಥವು ನಡೆಯುತ್ತಿರುತ್ತವೆ.

ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಪಿಯುಸಿಯವರಿಗೆ ಗಣಿತ ಹೇಳುವವನು. ನಮ್ಮ ಟೆಸ್ಟಿನಲ್ಲಿ ಪಾಸಾಗಲು ಮೂವತ್ತೈದು ಬೇಕು. ಇಷ್ಟು ವರ್ಷದಲ್ಲಿ ಒಬ್ಬರ ಮೂವತ್ನಾಲ್ಕನ್ನೂ ನಾನು ಮೂವತ್ತೈದು ಮಾಡಿಲ್ಲ. ಐವತ್ತಮೂರನೇ ವಯಸ್ಸಿಗೆ ಓಟಕ್ಕೆ ಹೆಸರು ಕೊಟ್ಟಾಗ ಹಿಂದಿನ ಬೆಂಚಿನಿಂದ ಒಂದು ದನಿ ಬಂತು, "ಸಾರ್ ಅರ್ಧ ದಾರೀಲಿ ಬಸ್ ಹತ್ಕಂತಾರೆ ನೋಡ್ರೋ."

ನಾನು ಸೀಮೆಸುಣ್ಣ ಕೆಳಗಿಟ್ಟು ಹೇಳಿದೆ, "ಒಂದು ಮೀಟರು ಕಡಿಮೆ ಓಡಿದರೂ ಈ ವರ್ಷ ಮೂವತ್ನಾಲ್ಕು ಬಂದವರಿಗೆಲ್ಲ ಒಂದು ಅಂಕ ಹಾಕುತ್ತೇನೆ."

ಆವತ್ತಿನಿಂದ ನಾನು ಸೋಲಲಿ ಎಂದು ಇಡೀ ತರಗತಿ ದೇವರಿಗೆ ಹರಕೆ ಹೊತ್ತಿತು.

೧. ಎಲ್ಲಿಗೂ ಇಲ್ಲ

ಅಭ್ಯಾಸದ ಮೊದಲ ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ಬರುತ್ತಿದ್ದ ರೈತನೊಬ್ಬ ಪಕ್ಕದಲ್ಲಿ ಬೈಕು ನಿಧಾನ ಮಾಡಿದ.

"ಎಲ್ಲಿಗ್ ಸಾ?"

"ಎಲ್ಲಿಗೂ ಇಲ್ಲ."

"ಹತ್ಕಳಿ ಸಾ, ಬುಡ್ತೀನಿ."

"ಬೇಡ."

ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಅಲ್ಲಿ 'ನೋ' ಎಂದರೆ ಮಾತು ಮುಗಿಯಿತು. ನಮ್ಮ ಕಡೆ 'ಬೇಡ' ಎಂದರೆ 'ಇನ್ನೊಂದು ಸಲ ಕರೀರಿ' ಎಂದು ಅರ್ಥ. ಊಟಕ್ಕೆ ಕರೆದರೂ ಅಷ್ಟೆ, ಮೂರು ಸಲ ಬೇಡ ಎಂದು ನಾಲ್ಕನೇ ಸಲಕ್ಕೆ ಎಲೆ ಮುಂದೆ ಕೂರುತ್ತಾರೆ. ಆತನೂ ಆ ನಾಲ್ಕನೇ ಸಲಕ್ಕೆ ಕಾಯುತ್ತ ನನ್ನ ಜೊತೆಜೊತೆಗೇ ಬಂದ. ನಾಲ್ಕನೆಯದೂ ಬೇಡವೇ ಆದಾಗ ಅವನಿಗೆ ನಿಜವಾಗಿ ಬೇಜಾರಾಯಿತು.

"ನಮ್ ಗಾಡಿ ಹತ್ತಲ್ಲ ಅಂದ್ರೆ ಅಂಗಂತ ಬಾಯ್ಬುಟ್ಟು ಹೇಳಿ ಸಾ. ಎಲ್ಲಿಗೂ ಇಲ್ಲ ಅಂತ ಸುಳ್ಳೇಳ್ಕಂಡು ಯಾಕ್ ಓಡೋಗ್ತೀರಿ?"

೨. ಬಸ್ಸು

ಪಾವಗಡದಿಂದ ಬರುವ ಬೆಳಗಿನ ಬಸ್ಸು, ನಾನು ಅದಕ್ಕಾಗಿಯೇ ಓಡುತ್ತಿದ್ದೇನೆ ಎಂದು ತಿಳಿದು ನಿಂತಿತು. ನಾನು ಬಾಗಿಲು ದಾಟಿ ಮುಂದೆ ಓಡಿದೆ. ಬಸ್ಸು ನನ್ನನ್ನು ದಾಟಿ ಮತ್ತೆ ನಿಂತಿತು. ನಾನು ಮತ್ತೆ ದಾಟಿದೆ.

ಕಂಡಕ್ಟರು ಬಾಗಿಲಿಗೆ ಜೋತುಬಿದ್ದು, "ಎಕ್ಕಂಡಿ ಸಾರ್, ಎಕ್ಕಂಡಿ" ಎಂದು ತೆಲುಗಿನಲ್ಲಿ ಕರೆದ. ತೆಲುಗು ಬಾರದವನಿರಬೇಕು ಎಂದುಕೊಂಡು ಕನ್ನಡದಲ್ಲೂ ಕರೆದ, "ಹತ್ತಿ ಸಾರ್, ಸೀಟ್ ಐತೆ."

ನಾನು ಕೈಯಾಡಿಸಿ ಬೇಡವೆಂದೆ. ಕಿಟಕಿ ಪಕ್ಕ ಕೂತಿದ್ದ ಅಜ್ಜಿ ಅವನನ್ನು ತಡೆದರು. "ಬುಡಪ್ಪ ಸುಮ್ಕೆ. ಮನೇಲಿ ಜಗಳ ಆಡ್ಕಂಡ್ ಬಂದವ್ರೆ. ಅಂಗೇ ಓಡ್ಲಿ, ಸಿಟ್ಟು ಇಳೀತದೆ."

ನಾನು ಮನೆ ಸೇರುವ ಹೊತ್ತಿಗೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಮೂರು ಫೋನ್ ಬಂದ್ವು. ನಾವು ಯಾವಾಗ ಜಗಳ ಆಡಿದ್ದು?"

"ಆಡಿಲ್ಲ."

"ಹಾಗಾದ್ರೆ ಈಗ ಆಡೋಣ, ಬನ್ನಿ. ಎಂಟು ಗಂಟೆಗೆ ತಿಂಡಿ ಅಂದಿದ್ರಿ, ಈಗೆಷ್ಟು ನೋಡಿ."

೩. ಬಾಯಾರಿಕೆ

ನನ್ನ ಜೊತೆ ಹೆಸರು ಕೊಟ್ಟ ಇನ್ನೊಬ್ಬರು ನಮ್ಮ ಕಾಲೇಜಿನ ಕಾಮರ್ಸ್ ಮೇಷ್ಟ್ರು. ಶಿರಾದವರು, ಅಲ್ಲಿಂದಲೇ ಓಡಾಡುತ್ತಾರೆ. ಒಂದು ಸೋಮವಾರ ಸ್ಟಾಫ್ ರೂಮಿನಲ್ಲಿ ಮೊಬೈಲು ತೋರಿಸಿದರು. ನಿನ್ನೆ ಓಡಿದ್ದು ಇಪ್ಪತ್ತೊಂದು ಕಿಲೋಮೀಟರು, ಹಿಡಿದದ್ದು ನಲವತ್ತು ನಿಮಿಷ.

"ಪ್ರಪಂಚದಲ್ಲಿ ಯಾರೂ ಇಷ್ಟು ಜೋರಾಗಿ ಓಡಿಲ್ಲ" ಎಂದೆ.

"ಬೆಳಗ್ಗೆ ತಂಪಿರ್ತದಲ್ಲ ಸಾರ್."

ನಾನು ಮೊಬೈಲು ತೆಗೆದುಕೊಂಡು ಮ್ಯಾಪನ್ನು ದೊಡ್ಡದು ಮಾಡಿ ನೋಡಿದೆ. "ಮಧ್ಯೆ ಪೆಟ್ರೋಲ್ ಬಂಕಿನಲ್ಲಿ ನಾಲ್ಕು ನಿಮಿಷ ನಿಂತಿದ್ದೀರಿ."

"ಬಾಯಾರಿಕೆ ಆಗಿತ್ತು ಸಾರ್."

"ನಿಮಗೋ, ಸ್ಕೂಟರಿಗೋ?"

೪. ಆ ಕಡೆ ತಿರುಗಿ

ಓಟ ಏರ್ಪಡಿಸಿದವನು ನನ್ನ ಹಳೇ ವಿದ್ಯಾರ್ಥಿ, ಈಗ ಊರಲ್ಲಿ ಜಿಮ್ ಇಟ್ಟಿದ್ದಾನೆ. ಒಂದಾನೊಂದು ಕಾಲದಲ್ಲಿ ನನ್ನ ಕೈಲಿ ಮೂವತ್ನಾಲ್ಕು ತೆಗೆದುಕೊಂಡವನು. ಮಿಡಿಗೇಶಿ ಹತ್ತಿರ ಸುಣ್ಣದ ಗೆರೆ ಎಳೆದು, ಅಲ್ಲಿಂದ ನಮ್ಮ ಕಾಲೇಜಿನ ಗೇಟಿನವರೆಗೆ ಓಟ ಎಂದು ಹೇಳಿದ್ದ. ಬೈಕಿನ ಮೀಟರಿನಲ್ಲಿ ಅಳೆದೆ ಎಂದ. ನಾನು ನಂಬಲಿಲ್ಲ. ಓಟದ ಹಿಂದಿನ ಭಾನುವಾರ ಸೈಕಲ್ ಚಕ್ರಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿಕೊಂಡು, ಸುತ್ತು ಎಣಿಸುತ್ತ ದಾರಿ ಅಳೆದೆ. ಗೆರೆಯಿಂದ ಗೇಟಿಗೆ ಲೆಕ್ಕ ಸರಿಯಾಗಿತ್ತು. ಜೀವನದಲ್ಲಿ ಮೊದಲ ಸಲ ಅವನಿಗೆ ಪೂರ್ತಿ ಅಂಕ ಕೊಟ್ಟೆ, ಮನಸ್ಸಿನಲ್ಲೇ.

ಓಟದ ದಿನ ಎಂಟು ಕಿಲೋಮೀಟರು ಓಡಿದ ಮೇಲೆ ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಕುರಿ ಕಾಯುವ ಮುದುಕ ನನ್ನ ಮುಂದೆ ನೋಡಿದ, ಹಿಂದೆ ನೋಡಿದ. "ಯಾರ್ನ ಅಟ್ಟಿಸ್ಕಂಡ್ ಹೋಗ್ತಿದೀಯಪ್ಪ?"

"ಯಾರನ್ನೂ ಇಲ್ಲ."

"ನಿನ್ನ ಯಾರಾದ್ರೂ ಅಟ್ಟಿಸ್ಕಂಡ್ ಬರ್ತಾವ್ರಾ?"

"ಇಲ್ಲ."

"ಅಂಗಾದ್ರೆ ನಿಂತ್ಕ. ಕುರಿ ದಾಟ್ಲಿ. ಅವುಕ್ಕೆ ಹೊಟ್ಟೆ ಹಸ್ದೈತೆ, ನಿಂಗೇನ್ ಅರ್ಜೆಂಟು?"

ನಿಂತ ಜಾಗದಲ್ಲೇ ಕುಣಿಯುತ್ತ ಹಿಂಡು ದಾಟುವವರೆಗೆ ಕಾದೆ.

ಹದಿನೇಳನೇ ಕಿಲೋಮೀಟರಿಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಕುಂಟಿದೆ, ಆದರೆ ನಿಲ್ಲಲಿಲ್ಲ. ಆಗ ಹಿಂದಿನಿಂದ ಲಗೇಜ್ ಆಟೋ ಒಂದು ಬಂತು. ಟೊಮೆಟೊ ಕ್ರೇಟುಗಳ ನಡುವೆ, ಎದೆಯ ಮೇಲೆ ನಂಬರ್ ಕಟ್ಟಿಕೊಂಡು ಅಂಗಾತ ಮಲಗಿದ್ದರು ನಮ್ಮ ಕಾಮರ್ಸ್ ಮೇಷ್ಟ್ರು.

"ಹತ್ಕಳಿ ಸಾರ್" ಎಂದರು ಮೆಲ್ಲಗೆ. "ಊರ ಹತ್ರ ಇಳ್ಕಂಡ್ರಾಯ್ತು. ಯಾರೂ ನೋಡ್ತಿಲ್ಲ."

"ನಾನು ನೋಡ್ತಿದ್ದೀನಿ."

ಅವರು ಕ್ರೇಟಿನ ಮೇಲೆ ಮೊಣಕೈಯೂರಿ ತಲೆ ಎತ್ತಿದರು.

"ಅಂಗಾದ್ರೆ ಸ್ವಲ್ಪ ಆ ಕಡೆ ತಿರುಗಿ ಸಾರ್."

೫. ಹುಣಸೆಮರ

ಮಧುಗಿರಿಯ ಬೆಟ್ಟ ಎಷ್ಟು ಓಡಿದರೂ ಅಷ್ಟೇ ದೂರ ಇರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ತಲೆಯ ಮೇಲಿರುತ್ತದೆ. ಊರೊಳಕ್ಕೆ ಬಂದಾಗ ದೂರದಲ್ಲಿ ಓಟ ಮುಗಿಯುವ ಗುರುತಿನ ಬಣ್ಣದ ಕಮಾನು ಕಂಡಿತು. ಆದರೆ ಅದು ಕಾಲೇಜಿನ ಗೇಟಿನಲ್ಲಿರಲಿಲ್ಲ. ಗೇಟಿನಲ್ಲಿ ಬಿಸಿಲು ಎಂದು ಮುಖ್ಯ ಅತಿಥಿಗಳ ಕುರ್ಚಿಯನ್ನು ಹುಣಸೆಮರದ ನೆರಳಿಗೆ ತಂದಿದ್ದರು. ಅತಿಥಿಗಳ ಜೊತೆಗೆ ಕಮಾನೂ ಬಂದಿತ್ತು. ಅಲ್ಲಿಂದ ಗೇಟಿಗೆ ಇನ್ನೂ ಮುನ್ನೂರು ಮೀಟರು.

ಕಮಾನಿನ ಎರಡೂ ಬದಿಗೆ ನನ್ನ ತರಗತಿಯವರು ನಿಂತಿದ್ದರು. ಮೂವತ್ನಾಲ್ಕು ಬಂದವರೇ ಮುಂದಿನ ಸಾಲಿನಲ್ಲಿದ್ದರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ಎಂದೂ ಕಂಡಿರಲಿಲ್ಲ.

"ಬಂದ್ಬುಟ್ರಿ ಸಾರ್, ಸಾಕು ನಿಂತ್ಕಳಿ. ಕಾಲು ನೋಯ್ತದೆ ಸಾರ್, ಕುಂತ್ಕಳಿ."

ಒಬ್ಬಳು ಕುರ್ಚಿಯನ್ನೇ ಎತ್ತಿಕೊಂಡು ಬಂದಿದ್ದಳು. ಕಾಮರ್ಸ್ ಮೇಷ್ಟ್ರು ಮೆಡಲು ಹಾಕಿಕೊಂಡು ಎಳನೀರು ಕುಡಿಯುತ್ತಿದ್ದರು. ಮುಖ್ಯ ಅತಿಥಿಗಳು ಎದ್ದು ನಿಂತು, ನನಗೆಂದು ಮೆಡಲಿನ ದಾರ ಅಗಲಿಸಿ ಹಿಡಿದರು. ನಾನು ಅವರಿಗೆ ನಮಸ್ಕಾರ ಮಾಡಿದೆ. ಮಾಡುತ್ತಲೇ ಕಮಾನು ದಾಟಿ ಮುಂದೆ ಓಡಿದೆ.

ಹಿಂದೆ ಯಾರೋ ಅಂದರು, "ಪಾಪ, ಬ್ರೇಕ್ ಫೇಲಾಗೈತೆ ಕಣ್ಲಾ."

ಜಿಮ್ಮಿನವನು ಮೆಡಲನ್ನು ಅತಿಥಿಗಳ ಕೈಯಿಂದ ಇಸಿದುಕೊಂಡು ಬೈಕು ಹತ್ತಿ ಹಿಂದೆ ಬಂದ. "ಸಾ, ಮುಗೀತು ಸಾ."

"ಮುಗಿದಿಲ್ಲ. ಇನ್ನೂ ಮುನ್ನೂರು ಮೀಟರಿದೆ."

"ಮುನ್ನೂರ್ ಮೀಟ್ರು ತಾನೆ ಸಾ, ಬುಟ್ಬುಡಿ."

"ನಿನಗೆ ಒಂದು ಅಂಕ ಬಿಟ್ಟಿದ್ನಾ?"

"ಇಲ್ಲ ಸಾ."

ಸ್ವಲ್ಪ ದೂರ ಪಕ್ಕದಲ್ಲೇ ಬಂದ. ಲೆಕ್ಕ ಅವನಿಗೆ ಅರ್ಥವಾದಂತೆ ಕಂಡಿತು. ಎಂದೋ ಆಗಬೇಕಿದ್ದದ್ದು ಈಗಲಾದರೂ ಆಯಿತಲ್ಲ ಎಂದುಕೊಂಡೆ. ಆಗ ಅವನು ಪೆಟ್ರೋಲ್ ಟ್ಯಾಂಕಿನ ಕಡೆ ಸರಿದು ಕೂತು, ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿ ತಟ್ಟಿದ.

"ಅಂಗಾದ್ರೆ ಹತ್ಕಳಿ ಸಾ. ಆ ಮುನ್ನೂರ್ ಮೀಟ್ರು ನಾನೇ ಬುಟ್ಬರ್ತೀನಿ."

ಬೇಡ ಎಂದೆ. ಅವನು ಸೀಟು ತಟ್ಟಿದ. ಬೇಡ ಎಂದೆ. ನಾಲ್ಕನೆಯ ಬೇಡಕ್ಕೆ ಕಾಲೇಜಿನ ಗೇಟು ಬಂತು. ಕಂಬಕ್ಕೆ ಕೈ ಮುಟ್ಟಿಸಿ, ಆಮೇಲೆ ನಿಂತೆ.