ಮಾಸ್ಟ್ರ ಬ್ಯಾಂಡು ಮೆಶಿನಿನೊಳಗೆ ಹೋದದ್ದು

ಬ್ಯಾಂಡಿನವರ ಮಾನ ಹೋಗಲಿಕ್ಕೆ ಮುಹೂರ್ತ ನೋಡಬೇಕಾಗಿಲ್ಲ. ಯಾವ ಮದುವೆಯಲ್ಲಿ ಬೇಕಾದರೂ ಹೋಗ್ತದೆ, ಅದೂ ಕೋಟು ಟೈ ಹಾಕಿಕೊಂಡು ನಾಲ್ಕು ಜನರ ಎದುರು ನಿಂತಿರುವಾಗಲೇ ಹೋಗ್ತದೆ. ನಾನು ಮಂಗಳೂರಿನ ಒಂದು ಡಾನ್ಸ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದಿದವನು. ಎಪ್ಪತ್ತರ ದಶಕದಲ್ಲಿ ಸೇರಿದೆ, ಎಂಬತ್ತರ ದಶಕ ಮುಗಿಯುವುದರೊಳಗೆ ಬ್ಯಾಂಡೇ ಮುಗಿಯಿತು. ಅಲ್ಲಿಗೆ ನನ್ನ ಕೀರ್ತಿ ಮುಗಿದ ಹಾಗೆ.

ನಾವು ನಾಲ್ಕು ಜನ. ಟ್ರಂಪೆಟ್ ಊದುವ ಮಾಸ್ಟರು, ಡ್ರಮ್ಮಿನವ, ಆಳೆತ್ತರದ ಪಿಟೀಲಿನ ಹಾಗಿರುವ ಡಬಲ್ ಬಾಸ್ ಬಾರಿಸುವವ, ಮತ್ತೆ ನಾನು. ಮಾಸ್ಟರು ಬಲ್ಮಠದ ಕ್ರಿಶ್ಚಿಯನ್ನರು, ಮನೆಯಲ್ಲಿ ಕೊಂಕಣಿ. ನಾವು ಮೂವರು ಬೋಳಾರದ ತುಳುವರು. ಕ್ರಿಶ್ಚಿಯನ್ ಮದುವೆಗಳ ರಿಸೆಪ್ಶನ್ನಿನಲ್ಲಿ ಹಳೇ ಜಾಜ್ ಟ್ಯೂನು, ಜೋಡಿ ಕುಣಿತದ ವಾಲ್ಟ್ಸು, ಊಟದ ಹೊತ್ತಿಗೆ ಮೆಲ್ಲನೆಯ ಇಂಗ್ಲಿಷ್ ಹಾಡು, ಇದು ನಮ್ಮ ಅನ್ನ. ಈ ನಾಲ್ಕು ಜನ ಒಟ್ಟಿಗೆ ಉಳೀತೇವಾ ಇಲ್ವಾ ಎನ್ನುವುದೊಂದೇ ಕಡೆಕಡೆಗೆ ನಮ್ಮ ಚಿಂತೆಯಾಗಿತ್ತು. ಉಳಿಯಲಿಲ್ಲ. ನಾನು ನಕ್ಕದ್ದೆಲ್ಲ ಆ ಉಳಿಯದ ದಾರಿಯಲ್ಲಿಯೇ.

ರೇಡಿಯೊ ಕಲಿಸಿದ ಹಾಡು

ಆಗ ನಮಗೆ ಇಂಗ್ಲಿಷ್ ಹಾಡುಗಳ ನೊಟೇಶನ್ ಯಾರು ಕೊಡಬೇಕು? ಮಾಸ್ಟ್ರ ಮನೆಯ ರೇಡಿಯೊವನ್ನು ಶಾರ್ಟ್‌ವೇವಿಗೆ ತಿರುಗಿಸಿ, ದೂರದ ಯಾವುದೋ ದೇಶದ ಸ್ಟೇಶನ್ನಿಗೆ ಕಿವಿ ಕೊಟ್ಟು ಕೂತುಕೊಳ್ಳುವುದು. ಮಾಸ್ಟರು ಟ್ರಂಪೆಟಿನ ಭಾಗ ಹಿಡಿಯುವುದು, ನಾನು ನನ್ನದು, ಬಾಸಿನವ ಅವನದ್ದು. ಅದೇ ಹಾಡು ಮತ್ತೊಮ್ಮೆ ಬರುವವರೆಗೆ ಕಾಯುವುದು.

ಹೀಗೆ ಕಲಿತ ಒಂದು ನಿಧಾನದ ಹಾಡು ನಮಗೆ ಬಹಳ ಹೆಸರು ತಂದಿತ್ತು. ಹಾಡಿನ ನಡುವೆ ನಾವು ನಾಲ್ಕೂ ಜನ ಒಮ್ಮೆಲೇ ದನಿ ಇಳಿಸುತ್ತಿದ್ದೆವು, ಕೇಳಿಯೂ ಕೇಳದಷ್ಟು. ಆಮೇಲೆ ಮೆಲ್ಲ ಮೆಲ್ಲ ಮೇಲೆ ತರುತ್ತಿದ್ದೆವು. ಮದುವೆ ಹಾಲಿನಲ್ಲಿ ಹೆಂಗಸರು ಕಣ್ಣೊರೆಸಿಕೊಂಡದ್ದೂ ಉಂಟು. "ಎಂತಹ ಭಾವನೆ ಮಾರಾಯ್ರೇ!" ಎಂದು ಜನ ಬಂದು ಕೈ ಕುಲುಕುತ್ತಿದ್ದರು.

ಒಮ್ಮೆ ಬಂದರಿಗೆ ಬಂದ ಹಡಗಿನ ಒಬ್ಬ ವಿದೇಶಿ ಆಫೀಸರ್ ಮದುವೆಗೆ ಬಂದಿದ್ದ. ಅವನಿಗೆ ಆ ಹಾಡು ಚಿಕ್ಕಂದಿನಿಂದ ಗೊತ್ತು. ಮುಗಿದ ಕೂಡಲೇ ಸ್ಟೇಜಿನ ಹತ್ತಿರ ಬಂದು ಮಾಸ್ಟ್ರನ್ನು ಕೇಳಿದ: "ಬಹಳ ಚೆಂದ. ಆದರೆ ನಮ್ಮಲ್ಲಿ ಯಾರೂ ನಡುವೆ ಹೀಗೆ ದನಿ ಇಳಿಸುವುದಿಲ್ಲವಲ್ಲ, ಇದನ್ನು ನೀವು ಎಲ್ಲಿಂದ ಕಲಿತಿರಿ?"

ನಮಗೆ ಹೊಳೆದದ್ದು ಆಗ. ರೇಡಿಯೊದಲ್ಲಿ ಸ್ಟೇಶನ್ನಿನ ದನಿ ದೂರ ಹೋಗಿ ಮತ್ತೆ ಹತ್ತಿರ ಬಂದದ್ದನ್ನೂ ಹಾಡಿನ ಭಾಗ ಅಂತಲೇ ನಾವು ಶ್ರದ್ಧೆಯಿಂದ ಅಭ್ಯಾಸ ಮಾಡಿಬಿಟ್ಟಿದ್ದೆವು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮಾಸ್ಟರು ಮಾತ್ರ ಮುಖ ಒಂದಿಷ್ಟೂ ಬಾಡಿಸದೆ ಹೇಳಿದರು: "ನಿಮ್ಮೂರಲ್ಲಿ ರೇಡಿಯೊ ಸರಿ ಉಂಟು ಅಂತ ಕಾಣ್ತದೆ."

ನೀವು ಒಳಗಿದ್ದೀರಿ

ಎಂಬತ್ತರ ದಶಕ ಅರ್ಧ ದಾಟಿತ್ತು. ಮಾಸ್ಟ್ರ ಅಳಿಯ ಗಲ್ಫಿನ ಕೆಲಸ ಬಿಟ್ಟು ಊರಿಗೆ ಬಂದ. ಬರುವಾಗ ಒಂದು ಕೀಬೋರ್ಡು, ಅದಕ್ಕೆ ಜೋಡಿಸುವ ಒಂದು ಮೆಶಿನು ತಂದ. ನಮ್ಮನ್ನೆಲ್ಲ ಮನೆಗೆ ಕರೆಸಿ ತೋರಿಸಿದ.

"ಇದು ಟೇಪ್ ರೆಕಾರ್ಡರಾ?" ಎಂದು ಬಾಸಿನವ ಕೇಳಿದ.

"ಅಲ್ಲ ಅಂಕಲ್. ಟೇಪಿನ ಹಾಗೆ ಇದು ಶಬ್ದ ಹಿಡಿಯುವುದಿಲ್ಲ. ಯಾವ ಕೀ ಒತ್ತಿದಿರಿ, ಯಾವಾಗ ಒತ್ತಿದಿರಿ, ಎಷ್ಟು ಜೋರು ಒತ್ತಿದಿರಿ, ಅದನ್ನೆಲ್ಲ ಅಂಕೆ ಮಾಡಿ ಫ್ಲಾಪಿಯಲ್ಲಿ ಇಡ್ತದೆ. ಮತ್ತೆ ನಾವು ಹೇಳಿದಾಗ ಅದೇ ಬಾರಿಸ್ತದೆ."

"ಅದಕ್ಕೆ ಉಸಿರು?" ಎಂದೆ ನಾನು.

"ಬೇಡ."

ಅಳಿಯನಿಗೆ ಇಲ್ಲ ಅನ್ನಲಿಕ್ಕೆ ಮಾಸ್ಟ್ರಿಗೆ ಆಗಲಿಲ್ಲ. ಮಗಳ ಸಂಸಾರ ಇನ್ನು ಅದರ ಮೇಲೆಯೇ ನಡೆಯಬೇಕು. "ಆದರೆ ನಮ್ಮ ಹಾಡುಗಳನ್ನೇ ತುಂಬಿಸು" ಎಂದರು. ಮೊದಲು ಡ್ರಮ್ಮಿನವನನ್ನು ತುಂಬಿಸುವುದು ಅಂತ ಆಯಿತು. ಅವನು ದೊಡ್ಡ ಆಳು, ಬೆರಳು ಒಂದೊಂದೂ ಬಾಳೆಕಾಯಿಯ ಹಾಗೆ. ಒಂದು ಕೀ ಒತ್ತಿದರೆ ಎರಡು ಒತ್ತಿಹೋಗುತ್ತಿತ್ತು. ಬೆವರು ಸುರಿಸಿಕೊಂಡು ತನ್ನ ತಾಳವನ್ನೆಲ್ಲ ಒಂದೊಂದಾಗಿ ಅದಕ್ಕೆ ಉಣಿಸಿದ.

"ಅಂಕಲ್, ನಿಮ್ಮ ಏಟು ಸ್ವಲ್ಪ ಹಿಂದೆ ಬೀಳ್ತದೆ" ಎಂದ ಅಳಿಯ. "ಪರವಾಗಿಲ್ಲ, ಮೆಶಿನ್ ಅದನ್ನು ಸರಿ ಮಾಡ್ತದೆ."

"ಹಿಂದೆ ಬೀಳುವುದಲ್ಲ ಮಾರಾಯ, ಕುಣಿಯುವವರ ಕಾಲು ಬರಲಿ ಅಂತ ನಿಲ್ಲುವುದು!" ಎಂದು ಇವನು ಹೇಳಿದ. ಮೆಶಿನು ಕೇಳಬೇಕಲ್ಲ, ಎಲ್ಲವನ್ನೂ ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ಮಾಡಿತು.

ಮುಂದಿನ ಮದುವೆಗೆ ಅವನು ಯಾವಾಗಿನಂತೆ ಕೋಟು ಹಾಕಿ, ರಿಕ್ಷಾದಲ್ಲಿ ಡ್ರಮ್ಮು ಹೇರಿಕೊಂಡು ಬಂದ. ಸ್ಟೇಜಿನಲ್ಲಿ ಅವನು ಕೂರುವ ಜಾಗದಲ್ಲಿ ಮೆಶಿನು ಇತ್ತು. ನೀನು ಬರುವುದು ಬೇಡ ಅಂತ ಅವನಿಗೆ ಮೊದಲೇ ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಳಿಯ ಬಹಳ ಮರ್ಯಾದೆಯಿಂದಲೇ ಹೇಳಿದ: "ಅಂಕಲ್, ನೀವು ಒಳಗಿದ್ದೀರಿ."

ಅವನು ಮೆಶಿನನ್ನು ನೋಡಿದ, ಮಾಸ್ಟ್ರನ್ನು ನೋಡಿದ. ಮಾಸ್ಟರು ತಲೆ ಎತ್ತಲಿಲ್ಲ. ಕೊನೆಗೆ ಅವನೇ ಕೋಟಿನ ಗುಂಡಿ ಬಿಚ್ಚಿ, ಊಟದ ಕಡೆಗೆ ತಿರುಗಿ ಹೇಳಿದ: "ಬಾರಿಸುವುದು ಒಳಗೆ, ಸರಿ. ಊಟ ಮಾತ್ರ ನಾನು ಹೊರಗೆ ಮಾಡ್ತೇನೆ."

ಅಜ್ಜಿಯ ಮಾರ್ಚ್

ಇದಾದ ಮೇಲೆ ಬಾಸಿನವನನ್ನೂ ತುಂಬಿಸಿ ಆಯಿತು. ಕೊಡಿಯಾಲ್‌ಬೈಲಿನ ಒಂದು ಹಾಲಿನಲ್ಲಿ ರಿಸೆಪ್ಶನ್. ಸ್ಟೇಜಿನ ಮೇಲೆ ಅಳಿಯ, ಮೆಶಿನು, ಮಾಸ್ಟರು, ನಾನು.

ಮದುಮಕ್ಕಳು ಬಾಗಿಲಿನಿಂದ ಸ್ಟೇಜಿನವರೆಗೆ ನಡೆದು ಬರುವಾಗ ಮಾರ್ಚ್ ಬಾರಿಸುವುದು ಪದ್ಧತಿ. ಮೊದಲಾದರೆ ಮಾಸ್ಟರು ಒಂದು ಕಣ್ಣು ಮದುಮಗಳ ಮೇಲೆ ಇಟ್ಟಿರುತ್ತಿದ್ದರು. ಅವಳು ತಡ ಮಾಡಿದರೆ ಹಾಡನ್ನು ಎಳೆಯುವುದು, ಬೇಗ ಬಂದರೆ ಕತ್ತರಿಸುವುದು. ಮೆಶಿನಿಗೆ ಕಣ್ಣಿಲ್ಲ. ಅದಕ್ಕೆ ಅಳಿಯ ಮೊದಲೇ ಬಂದು, ಬಾಗಿಲಿನಿಂದ ಸ್ಟೇಜಿಗೆ ತಾನೇ ಮದುಮಗನ ಹಾಗೆ ನಡೆದು ನೋಡಿ, ಸರಿಯಾಗಿ ಅಷ್ಟೇ ಉದ್ದದ ಮಾರ್ಚ್ ತುಂಬಿಸಿದ್ದ.

ಅವನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಮದುಮಗನ ಅಜ್ಜಿಯನ್ನು. ಎಲ್ಲರ ಮುಂದೆ ಅಜ್ಜಿ, ಕೈಯಲ್ಲಿ ಕೋಲು. ಪ್ರತಿ ಕುರ್ಚಿಯ ಹತ್ತಿರ ನಿಂತು, "ಕಾಲು ನೋವು ಹೇಗುಂಟು? ಮಗ ಬಂದಿಲ್ವಾ?" ಎಂದು ವಿಚಾರಿಸುತ್ತಾ ಬಂದರು. ಅಜ್ಜಿಯನ್ನು ದಾಟಿ ಮುಂದೆ ಹೋಗುವ ಗಂಡಸು ಆ ಕುಟುಂಬದಲ್ಲಿ ಹುಟ್ಟಿರಲಿಲ್ಲ. ಅರ್ಧ ಹಾಲಿಗೆ ಬರುವಾಗ ಮಾರ್ಚ್ ಮುಗಿಯಿತು. ಮೆಶಿನು ಯಾರನ್ನೂ ಕೇಳದೆ ಮುಂದಿನ ಹಾಡಿಗೆ ಹೋಯಿತು. ಮುಂದಿನದ್ದು ಎಲ್ಲರ ಹೊಟ್ಟೆಗೂ ಸ್ವಲ್ಪ ಬಿದ್ದ ಮೇಲೆ ಕುಣಿಯಲಿಕ್ಕೆ ಅಂತ ಇಟ್ಟಿದ್ದ ಭರ್ಜರಿ ಜಾಜ್.

ಅಳಿಯ ಗಾಬರಿಯಲ್ಲಿ ಒಂದು ಗುಂಡಿ ಒತ್ತಿದ. ಅದು ಇನ್ನೂ ಜೋರಾಯಿತು. ಕುರ್ಚಿಗಳ ನಡುವೆಯೇ ಒಂದಿಬ್ಬರು ಮಾವಂದಿರು ಕುಣಿಯಲು ಸುರು ಮಾಡಿದರು. ಮದುಮಗಳು ಹೂ ಹಿಡಿದುಕೊಂಡು ಅಳುವ ಮುಖ ಮಾಡಿದಳು. ಮಾಸ್ಟರು ಟ್ರಂಪೆಟ್ ಮಡಿಲಲ್ಲಿಟ್ಟು ಕಣ್ಣು ಮುಚ್ಚಿಕೊಂಡರು. ಅಜ್ಜಿ ಮಾತ್ರ ಕೋಲು ಎತ್ತಿ ಹಿಡಿದು, ಹೆಜ್ಜೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಸ್ಟೇಜಿಗೆ ಮುಟ್ಟಿಬಿಟ್ಟರು.

ಮದುಮಗಳ ತಂದೆ ನಮ್ಮನ್ನು ಹರಿದು ತಿನ್ನಲಿಕ್ಕೆ ಬಂದರು. ಅಜ್ಜಿಯೇ ಅಡ್ಡ ಬಂದು ಹೇಳಿದರು: "ಅವರಿಗೆ ಬೈಯಬೇಡಿ. ನನ್ನ ಸ್ವಂತ ಮದುವೆಯಲ್ಲಿಯೂ ನಾನು ಇಷ್ಟು ಬೇಗ ಮುಟ್ಟಿರಲಿಲ್ಲ!"

ದಿನಾ ಸ್ನಾನ

ಇನ್ನು ನಮ್ಮನ್ನು ಯಾರೂ ಕರೆಯುವುದಿಲ್ಲ ಅಂತ ಮಾಸ್ಟರು ಹೇಳಿದರು. ಆದದ್ದು ಅದಕ್ಕಿಂತ ಕಷ್ಟದ್ದು. "ಅಜ್ಜಿಯನ್ನು ಕುಣಿಸಿದ ಮೆಶಿನ್ ಉಂಟಲ್ಲ, ಅದು ಬೇಕು" ಅಂತ ಜನ ಹುಡುಕಿಕೊಂಡು ಬಂದರು. ಮೆಶಿನ್ ಬೇಕು, ನಾವು ಬೇಡ.

ಬಾಸಿನವ ಬೇಸತ್ತು ಗಲ್ಫಿಗೆ ಹೋದ. ದೊಡ್ಡ ಹೋಟೆಲು, ಸಂಗೀತ ಇರುವ ಹೋಟೆಲು ಅಂತ ಏಜೆಂಟ್ ಹೇಳಿದ್ದನಂತೆ. ಅವನ ಬಾಸು ಮನೆಯ ಮೂಲೆಯಲ್ಲಿ ನಿಂತಿತು. ಅವನ ಹೆಂಡತಿ ಮಳೆಗಾಲದಲ್ಲಿ ಅದರ ಮೇಲೆ ಸೀರೆ ಒಣ ಹಾಕುತ್ತಿದ್ದಳು.

ರಜೆಯಲ್ಲಿ ಬಂದಾಗ ನಾವೆಲ್ಲ ಅವನ ಮನೆಯಲ್ಲಿ ಸೇರಿದೆವು. "ಹೋಟೆಲಿನಲ್ಲಿ ನೀನು ಎಂತ ಬಾರಿಸುವುದು?" ಎಂದು ಡ್ರಮ್ಮಿನವ ಆಸೆಯಿಂದ ಕೇಳಿದ.

"ಬಾರಿಸುವುದು ಎಂತದ್ದೂ ಇಲ್ಲ. ಕೆಳಗೆ ದೊಡ್ಡ ಹಾಲು. ಅಲ್ಲಿ ಒಂದು ಮೆಶಿನ್ ಉಂಟು, ನಮ್ಮ ಅಳಿಯನ ಮೆಶಿನಿನ ದೊಡ್ಡಪ್ಪ. ಬೆಳಗಿನಿಂದ ಅದೇ ಮೆಲ್ಲನೆಯ ಹಾಡು. ನಮ್ಮ ಹಾಡುಗಳೇ!"

"ಹಾಗಾದರೆ ನಿನ್ನ ಕೆಲಸ?"

"ಅದರ ಧೂಳು ಒರೆಸುವುದು."

ಅವನೇ ಮೊದಲು ನಕ್ಕ: "ನನ್ನ ಅನ್ನ ತಿಂದವನಿಗೆ ದಿನಾ ಬೆಳಿಗ್ಗೆ ನಾನೇ ಸ್ನಾನ ಮಾಡಿಸ್ತೇನೆ ಮಾರಾಯ!"

ನನ್ನ ಸರದಿ

ನನ್ನನ್ನು ಮಾತ್ರ ಮೆಶಿನು ಬಹಳ ಕಾಲ ತಿನ್ನಲಿಲ್ಲ. ಯಾಕೆಂದರೆ ಅದರ ಸ್ಯಾಕ್ಸೊಫೋನ್ ದನಿ ಶೀತ ಹಿಡಿದ ಬಾತುಕೋಳಿಯ ಹಾಗಿತ್ತು. ಅದೊಂದೇ ನನ್ನ ಪುಣ್ಯ ಅಂತ ನಾನು ಜಂಬದಲ್ಲಿದ್ದೆ. ಒಂದು ದಿನ ಒಬ್ಬರು ಹೋಟೆಲ್ ಧಣಿಗಳ ಮನೆಯ ಪಾರ್ಟಿಯಲ್ಲಿ, ಕಣ್ಣು ಮುಚ್ಚಿ, ಪ್ರಾಣವೆಲ್ಲ ಬಾಯಿಗೆ ತಂದು ಊದಿದೆ. ಯಾರೋ ಭುಜ ತಟ್ಟಿದರು. ಮೆಚ್ಚಿಕೊಂಡು ಬಂದರು ಅಂತ ಕಣ್ಣು ಬಿಟ್ಟರೆ ಧಣಿಗಳೇ ನಿಂತಿದ್ದಾರೆ. "ಸ್ವಲ್ಪ ನಿಲ್ಲಿಸ್ತೀರಾ? ನಿಮ್ಮ ಗಲಾಟೆಯಲ್ಲಿ ಮೆಶಿನ್ ಕೇಳುವುದಿಲ್ಲ."

ಮಾಸ್ಟರು ಮಲಗಿದ ದಿನ

ಮಾಸ್ಟ್ರಿಗೆ ಉಸಿರಾಟದ ಕಾಯಿಲೆ ಬಂತು. ಟ್ರಂಪೆಟ್ ಬಿಡಿ, ಮೆಟ್ಟಿಲು ಹತ್ತಲಿಕ್ಕೂ ಉಸಿರು ಸಾಲುತ್ತಿರಲಿಲ್ಲ. ಒಂದು ದಿನ ಅಳಿಯನನ್ನು ಮಂಚದ ಹತ್ತಿರ ಕರೆದು ಹೇಳಿದರು: "ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನನ್ನು ಮಣ್ಣು ಮಾಡುವ ದಿನ ಆ ಮೆಶಿನ್ ತರಬೇಡ. ನನ್ನ ಹುಡುಗರೇ ಬಾರಿಸಬೇಕು." ಹುಡುಗರು ಅಂದರೆ ನಾವು, ತಲೆ ಬೆಳ್ಳಗಾದವರು. ಅಳಿಯ ಅಳುತ್ತಾ ಆಗಲಿ ಎಂದ.

ಹೆಚ್ಚು ದಿನ ಇರಲಿಲ್ಲ ಅವರು. ಬಾಸಿನವ ಆಗ ರಜೆಯಲ್ಲಿ ಊರಲ್ಲೇ ಇದ್ದ, ಮೂಲೆಯ ಬಾಸು ಹೊತ್ತುಕೊಂಡು ಬಂದ. ಡ್ರಮ್ಮಿನವ ಆಗ ಬಂದರಿನ ಹತ್ತಿರ ಮೀನಿಗೆ ಐಸು ಒಡೆಯುವ ಕೆಲಸದಲ್ಲಿದ್ದ. ಅವನು ಒಂದೇ ಒಂದು ಡ್ರಮ್ಮು ಕೊರಳಿಗೆ ಹಾಕಿಕೊಂಡು ಬಂದ. ನಾವು ಮೂವರು ಒಟ್ಟಿಗೆ ಬಾರಿಸದೆ ವರ್ಷಗಳಾಗಿದ್ದವು. ಅಭ್ಯಾಸಕ್ಕೆ ಸಮಯ ಎಲ್ಲಿ ಉಂಟು? ಮಾಸ್ಟ್ರಿಗೆ ಬಹಳ ಇಷ್ಟದ ಒಂದು ನಿಧಾನದ ಜಾಜ್ ಹಾಡು ಅಂತ ದಾರಿಯಲ್ಲಿಯೇ ಮಾತಾಡಿಕೊಂಡೆವು. ಅದೊಂದನ್ನು ಸರಿಯಾಗಿ ಬಾರಿಸಿ ಅವರನ್ನು ಕಳಿಸಿದರೆ ಸಾಕಿತ್ತು ನಮಗೆ.

ಸ್ಮಶಾನದಲ್ಲಿ ಫಾದರ್ ಪ್ರಾರ್ಥನೆ ಮುಗಿಸಿದರು. ಮಾಸ್ಟ್ರ ಹೆಂಡತಿ, ನಾವು ಬಾಯಮ್ಮ ಅಂತ ಕರೆಯುವವರು, ನಮ್ಮ ಕಡೆ ನೋಡಿ ತಲೆ ಆಡಿಸಿದರು. ನಾವು ಮೂವರೂ ತಯಾರಾಗಿ ನಿಂತೆವು. ನಿಂತೇ ಇದ್ದೆವು. ಯಾರೂ ಸುರು ಮಾಡಲಿಲ್ಲ.

ಯಾಕೆ ಗೊತ್ತುಂಟಾ? ಮಾಸ್ಟ್ರ ಬಾಯಿಯಲ್ಲಿ ಟ್ರಂಪೆಟ್ ಇರುವುದರಿಂದ ಅವರು ಒಂದು ಎರಡು ಅಂತ ಎಣಿಸುತ್ತಿರಲಿಲ್ಲ. ಬೂಟುಗಾಲಿನಿಂದ ನೆಲಕ್ಕೆ ನಾಲ್ಕು ಸಲ ಬಡಿಯುತ್ತಿದ್ದರು, ನಾವು ಐದನೆಯದಕ್ಕೆ ಹಿಡಿಯುತ್ತಿದ್ದೆವು. ಅವರಿಲ್ಲದೆ ಹಾಡು ಸುರು ಮಾಡಿ ನಮಗೆ ಗೊತ್ತೇ ಇಲ್ಲ. ಮೂವರೂ ಅಭ್ಯಾಸಬಲದಿಂದ, ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ ಮಾಸ್ಟ್ರ ಬೂಟನ್ನೇ ನೋಡುತ್ತಾ ನಿಂತೆವು. ಬೂಟಿಗೆ ಚೆನ್ನಾಗಿ ಪಾಲಿಶ್ ಮಾಡಿದ್ದರು. ಅದು ಅಲ್ಲಾಡಲಿಲ್ಲ.

ನಾವು ತನಗಾಗಿ ಕಾಯುತ್ತಿದ್ದೇವೆ ಅಂತ ಪೆಟ್ಟಿಗೆಯ ಮುಚ್ಚಳ ಹಾಕುವ ಮರಗೆಲಸದ ಆಚಾರಿ ಅಂದುಕೊಂಡ. ಮುಚ್ಚಳ ಎಳೆದು, ಮೊಳೆ ಇಟ್ಟು, ಸುತ್ತಿಗೆ ಎತ್ತಿದ. ಟಕ್, ಟಕ್, ಟಕ್, ಟಕ್!

ಅಷ್ಟೇ. ಮೂವರೂ ಒಮ್ಮೆಲೇ ಹಿಡಿದೆವು, ಸುತ್ತಿಗೆಯ ಸ್ಪೀಡಿನಲ್ಲಿ! ಜನ ಕಣ್ಣೀರು ಹಾಕಬೇಕಾದ ಹಾಡು ಕುಣಿಯುವ ಹಾಡಾಗಿ ಓಡಲಿಕ್ಕೆ ಸುರುವಾಯಿತು. ನಿಧಾನ ಮಾಡೋಣ ಅಂದರೆ ಆಚಾರಿ ಬಿಡಬೇಕಲ್ಲ, ಅವನು ನಮ್ಮ ತಾಳ ಹಿಡಿದು ಮೊಳೆ ಹೊಡೆಯುತ್ತಿದ್ದ, ನಾವು ಅವನ ತಾಳ ಹಿಡಿದು ಬಾರಿಸುತ್ತಿದ್ದೆವು. ಡ್ರಮ್ಮಿನವ ಎರಡೂ ಕಣ್ಣಿನಲ್ಲಿ ನೀರು ಸುರಿಸಿಕೊಂಡು ಬಡಿದ. ಬಾಸಿನ ಕಾಲು ಹಸಿ ಮಣ್ಣಿನಲ್ಲಿ ಹೂತುಹೋಯಿತು. ಫಾದರ್ ಆಕಾಶ ನೋಡುತ್ತಿದ್ದರು, ಆದರೆ ನಿಲುವಂಗಿಯ ಕೆಳಗೆ ಅವರ ಪಾದ ಅಲ್ಲಾಡುವುದು ನನಗೆ ಕಾಣುತ್ತಿತ್ತು.

ಬಾಯಮ್ಮನ ಭುಜ ಗದಗದ ನಡುಗುತ್ತಿತ್ತು. ಅಯ್ಯೋ, ಎಂತ ಮಾಡಿಬಿಟ್ಟೆವು ಎಂದು ನನಗೆ ಜೀವ ಹೋದ ಹಾಗಾಯಿತು. ಅವರು ಹತ್ತಿರ ಬಂದಾಗ ನೋಡಿದರೆ, ಅಳುತ್ತಾ ಅಳುತ್ತಾ ನಗುತ್ತಿದ್ದಾರೆ.

"ಸಾಕು, ನಿಲ್ಲಿಸಿ ಮಾರಾಯ್ರೇ" ಎಂದರು. "ಇಷ್ಟು ತಪ್ಪು ಬಾರಿಸಿದರೆ ಇವರು ಸುಮ್ಮನೆ ಮಲಗುವ ಜನ ಅಲ್ಲ. ಮೊದಲಿನಿಂದ ಬಾರಿಸಿ ಅಂತ ಬೈಯಲಿಕ್ಕೆ ಎದ್ದು ಬರ್ತಾರೆ!"

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ನಿಲ್ಲಿಸಲಿಲ್ಲ. ಇನ್ನೂ ಸ್ವಲ್ಪ ತಪ್ಪಾಗಿ ಬಾರಿಸಿದೆವು.