ಕಿವಿ ಕೊಯ್ದ ಕುರಿಗಳು, ಸಾಯದ ಮುದುಕ ಮತ್ತು ವಕೀಲ ಮುರುಗಪ್ಪನವರು

ಧರ್ಮಪುರದ ಹತ್ತಿರದ ನಮ್ಮ ಹಟ್ಟಿಯಿಂದ, ೧೯೭೭ನೇ ಇಸವಿ, ಶೇಂಗಾ ಕಿತ್ತು ಮುಗಿದ ಮಾರನೇ ಸೋಮವಾರ

ಹಿರಿಯೂರಿನ ವಕೀಲರೂ, ಇಲ್ಲದ ರೋಗ ಹೇಳಿಸಿಕೊಂಡು ನೊಂದವರ ಪಾಲಿನ ದೇವರೂ ಆದ ಮುರುಗಪ್ಪನವರ ಪಾದಗಳಿಗೆ, ಆ ಪಾದಗಳು ಈಗಲೂ ಮೇಜಿನ ಮೇಲೇ ಇದ್ದರೆ ಆ ಮೇಜಿಗೂ ಸೇರಿಸಿ, ಹುಚ್ಚಕ್ಕ ಮಾಡುವ ಸಾವಿರ ಶರಣು.

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕರೀ ಕೋಟೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ, ಆ ಕ್ಷೇಮವೇ ನಮ್ಮ ತೊಂದರೆ. ನಮ್ಮ ಮನೆಯವರು ಸಾಯಬೇಕಾಗಿದ್ದ ದಿನ ಕಳೆದು ಐದು ತಿಂಗಳಾಯಿತು. ನಿನ್ನೆ ಎರಡು ಮುದ್ದೆ ಉಂಡು, ಮೂರನೆಯದಕ್ಕೆ ಸಾರು ಸಾಲದೆಂದು ನನ್ನ ಮೇಲೆ ರೇಗಿದರು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ತಪ್ಪಿದ್ದರೆ ಮನ್ನಿಸಬೇಕು. ಹದಿನೇಳು ಕ್ಲಾಸು ಓದಿದ ಡಾಕ್ಟರು ರೋಗವನ್ನೇ ತಪ್ಪಿದ ಮೇಲೆ, ಮುದುಕಿಯೊಬ್ಬಳು ಒತ್ತಕ್ಷರ ತಪ್ಪುವುದೇನು ಮಹಾ. ಹುಚ್ಚಕ್ಕ ಎಂಬ ಹೆಸರು ಕಂಡು ಕಾಗದವನ್ನು ಪಕ್ಕಕ್ಕೆ ಇಡಬೇಡಿ. ನನಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲವೆಂದು, ಯಮನಿಗೆ ಅಸಹ್ಯವಾಗಲಿ ಅಂತ ನಮ್ಮವ್ವ ಇಟ್ಟ ಹೆಸರು ಅದು. ಯಮನೇನೋ ಹೇಸಿದ, ಡಾಕ್ಟರು ಹೇಸಲಿಲ್ಲ.

ತಮ್ಮ ಪರಿಚಯ ನನಗಾದದ್ದು ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ, ಹುರಿಗಡಲೆ ಕಟ್ಟಿಕೊಟ್ಟ ಕಾಗದದಿಂದ. ಕಡಲೆ ಮುಗಿದ ಮೇಲೆ ಓದಿದೆ: 'ವೈದ್ಯರ ತಪ್ಪು ನಿರ್ಣಯದಿಂದ ನೊಂದವರಿಗೆ ಉಚಿತ ಕಾನೂನು ನೆರವು.' ಕೆಳಗೆ ತಮ್ಮ ಹೆಸರು, ಅದರ ಮೇಲೆ ಎಣ್ಣೆ ಜಿಡ್ಡು. ದೇವರು ಕಲ್ಲಿನಲ್ಲಿ ಒಡೆದು ಮೂಡುತ್ತಾನೆ ಎಂದು ಕೇಳಿದ್ದೆ, ಕಡಲೆ ಪೊಟ್ಟಣದಲ್ಲಿ ಮೂಡಿದ್ದನ್ನು ಕಂಡದ್ದು ಆವತ್ತೇ.

ನಮ್ಮ ಕಥೆ ತಮಗೆ ಮೂರು ಸಲ ಹೇಳಿದ್ದೇನೆ. ಮೂರು ಸಲವೂ ತಾವು ಕಣ್ಣು ಮುಚ್ಚಿ ಅಷ್ಟು ಗಮನವಿಟ್ಟು ಕೇಳಿದ್ದರಿಂದ, ಕಣ್ಣು ತೆರೆದು ಓದಲಿ ಅಂತ ಈಗ ಬರೆಯುತ್ತಿದ್ದೇನೆ.

ಶಿವರಾತ್ರಿ ಕಳೆದ ವಾರ ನಮ್ಮ ಮನೆಯವರಿಗೆ ಮೂತ್ರ ಕಟ್ಟಿ ಕಟ್ಟಿ ಬರತೊಡಗಿತು. ದುರ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ದೊಡ್ಡ ಹೆಸರಿನ ಒಬ್ಬ ಡಾಕ್ಟರು ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ಹಿಂದಿನಿಂದ ಬೆರಳಿಟ್ಟು, ಅರ್ಧ ನಿಮಿಷ ನೋಡಿದರು. ಗಂಡಸರಿಗೆ ಮೂತ್ರದ ಚೀಲದ ಬುಡದಲ್ಲಿ ಪ್ರಾಸ್ಟೇಟ್ ಎಂಬ ಅಡಿಕೆ ಗಾತ್ರದ ಗಂಟಿದೆಯಂತೆ, ಅದಕ್ಕೆ ಕ್ಯಾನ್ಸರ್ ಹಿಡಿದಿದೆಯಂತೆ, ಮೂರು ತಿಂಗಳಂತೆ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಲಿಲ್ಲ. ಸಂತೆಯಲ್ಲಿ ಕುರಿ ಕೊಳ್ಳುವಾಗ ನಾವು ಹಲ್ಲು ನೋಡಿ, ಕಾಲು ನೋಡಿ, ಬೆನ್ನು ಒತ್ತಿ, ಒಂದು ಸುತ್ತು ಓಡಿಸಿ, ಆಮೇಲೆ ಬಾಯಿ ಬಿಡುತ್ತೇವೆ. ಡಾಕ್ಟರು ಅರ್ಧ ನಿಮಿಷದಲ್ಲಿ ಮನುಷ್ಯನನ್ನೇ ಸಂತೆಯಿಂದ ಆಚೆ ಹಾಕಿದರು. ಆ ಬೆರಳಿಗೆ ಸರಕಾರದವರು ಬಂಗಾರದ ಉಂಗುರ ತೊಡಿಸಬೇಕು.

ಮನೆಗೆ ಬಂದ ಮನುಷ್ಯ ಅಳಲಿಲ್ಲ, ಕತ್ತರಿ ಕೇಳಿದರು. ತಾವು ಪೇಟೆಯವರು, ಇಷ್ಟು ತಿಳಿದಿರಲಿ. ನಮ್ಮಲ್ಲಿ ಒಂದೊಂದು ಮನೆಯ ಕುರಿಗೆ ಕಿವಿಯಲ್ಲಿ ಒಂದೊಂದು ಗುರುತು. ನಮ್ಮದು ಎಡಗಿವಿಯ ತುದಿ ಸೀಳು. ಕುರಿಯನ್ನು ಬೇರೆಯವರಿಗೆ ಬಿಟ್ಟುಕೊಡುವವನು ತನ್ನ ಕೈಯಿಂದಲೇ ಅವರ ಗುರುತು ಕೊಯ್ಯಬೇಕು, ಕೊಯ್ದ ಮೇಲೆ ಹಟ್ಟಿಯಲ್ಲಿ ಎರಡನೇ ಮಾತಿಲ್ಲ. ನಮ್ಮ ಮನೆಯವರು ನನ್ನ ತಮ್ಮ ಗೋವಿಂದಪ್ಪನನ್ನೂ, ಮೈದುನನ ಮಗ ಕಾಟಲಿಂಗಪ್ಪನನ್ನೂ ಕರೆದು, ಹಟ್ಟಿಯ ಹಿರಿಯ ಪಾಲಣ್ಣನನ್ನು ಎದುರಿಗೆ ಕೂರಿಸಿಕೊಂಡು, ನಲವತ್ತೆರಡು ಕುರಿಗಳ ಬಲಗಿವಿಯನ್ನು ಅವರವರ ಗುರುತಿಗೆ ಒಂದೇ ಸೋಮವಾರ ಕೊಯ್ದರು. "ನಾನು ಹೋದ ಮೇಲೆ ಇವು ನಿಮ್ಮವು ಕಣ್ರೋ, ಹೊಡಕೊಂಡು ಬದುಕ್ಕಳ್ರಿ" ಅಂದರು. ಅವರಿಬ್ಬರೂ ಗೋಳೋ ಎಂದು ಅತ್ತರು. ಅಳುತ್ತ ಅಳುತ್ತಲೇ ಕುರಿಗಳನ್ನು ತಮ್ಮ ರೊಪ್ಪಕ್ಕೆ ಹೊಡೆದುಕೊಂಡು ಹೋದರು. ಹೋದ ಮೇಲೆ ಎಂದದ್ದನ್ನು, ಮಲಗಿದ ಮೇಲೆ ಎಂದುಕೊಂಡರೋ ಏನೋ, ದುಃಖದಲ್ಲಿ ಮನುಷ್ಯರಿಗೆ ಜ್ಞಾನ ಇರುವುದಿಲ್ಲ.

ಆಮೇಲೆ ನಮ್ಮ ಮನೆಯವರು ಸಾಯುವುದಕ್ಕೆ ಮಲಗಿದರು. ಡಾಕ್ಟರು ಕೊಟ್ಟ ಬಿಳಿ ಗುಳಿಗೆಯನ್ನು ದಿನಕ್ಕೆ ಮೂರರಂತೆ ನುಂಗಿದರು. ಕಾರಹುಣ್ಣಿಮೆ ಬಂತು, ಸಾವು ಬರಲಿಲ್ಲ, ಎದೆ ಬಂತು. ಹೌದು ಮಾನ್ಯರೇ, ಅರವತ್ತೆಂಟು ವರ್ಷದ ಕುರಿಗಾಹಿಗೆ ಎರಡು ಎದೆ ಊದಿ ನಿಂತವು. ಮೈಗೆ ಕಂಬಳಿ ತಾಗಿದರೆ 'ಅವ್ವಾ' ಎನ್ನುವಷ್ಟು ನೋವು. ಮಗಳ ಕೂಸು ತಾತನ ತೊಡೆಯ ಮೇಲೆ ಕೂತು, ಹಸಿದು, ಅತ್ತ ಇತ್ತ ನೋಡಿ, ಬಾಯಿ ಹಾಕಿಯೇ ಬಿಟ್ಟಿತು. ಮನುಷ್ಯ ಕೂಗಿದ ಕೂಗಿಗೆ ಕಣದಲ್ಲಿದ್ದ ಕೋಳಿಗಳೆಲ್ಲ ಮಾಳಿಗೆ ಹತ್ತಿದವು. ನಾನು ನಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡೆ. "ನಗ್ತೀಯೇನೇ? ಸಾಯೋ ಗಂಡನ ಮುಂದೆ ನಗ್ತೀಯಾ?" ಎಂದರು. "ಸಾಯೋರು ಇಷ್ಟು ಜೋರಾಗಿ ಕೂಗಲ್ಲ, ಏಳ್ರಿ ಮೇಲೆ, ಬೆಂಗ್ಳೂರಿಗೆ ಹೋಗಾಣ" ಎಂದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೀಸೆ ಸರಿಯಾಗಿ ಬಾರದ ಒಬ್ಬ ಡಾಕ್ಟರು ಸೂಜಿಯಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿ, "ಅಜ್ಜಿ, ಕ್ಯಾನ್ಸರೂ ಇಲ್ಲ ಏನೂ ಇಲ್ಲ. ತಲೆ ನರೆಯೋ ಹಾಗೆ ವಯಸ್ಸಿಗೆ ಆ ಗಂಟೂ ಊದುತ್ತೆ. ಎದೆ ಊದಿದ್ದು ಗುಳಿಗೆಯಿಂದ. ಮೊದಲು ಆ ಗುಳಿಗೆ ಬಿಸಾಕಿ" ಎಂದರು. ಬಿಸಾಕಿದೆವು. ಊದಿದ ಗಂಟಿಗೆ ಒಂದು ಸಣ್ಣ ಆಪರೇಷನ್ನೂ ಆಯಿತು. ಮನುಷ್ಯ ಈಗ ಬೇಲಿ ಸಾಲಿಗೆ ಹೋದರೆ ಹಾಡಿಕೊಂಡು ವಾಪಸು ಬರುತ್ತಾರೆ. ಆದರೆ ಹೊಡೆಯಲು ಕುರಿ ಇಲ್ಲ. ಕೋಲು ಹಿಡಿದು ಬೆಳಿಗ್ಗೆ ಎದ್ದು ಹೋಗಿ, ಖಾಲಿ ರೊಪ್ಪದ ಬಾಗಿಲು ತೆಗೆದು, ಮತ್ತೆ ಹಾಕಿ ಬರುತ್ತಾರೆ.

ಗೋವಿಂದಪ್ಪನನ್ನು ಕೇಳಿದರೆ, "ಅಕ್ಕಾ, ಭಾವ ಬದುಕಿದ್ದು ನನಗೂ ಸಂತೋಷನೇ. ಆದ್ರೆ ಕಿವಿ ಕೊಯ್ದದ್ದು ಕೊಯ್ದಂಗೆ ಐತಲ್ಲ" ಎಂದ. ಪಾಲಣ್ಣ ತಲೆ ಕೆರೆದುಕೊಂಡು, "ಡಾಕ್ಟ್ರು ಬಾಯಿಂದ ಹೋಗಿದ್ದು, ಡಾಕ್ಟ್ರು ಕೈಯಿಂದಲೇ ಬರಬೇಕು. ಬರೆಸಿ ತಗಂಡು ಬಾ, ನೋಡಾಣ" ಎಂದ. ನನಗೆ ಬೇಕಾದದ್ದು ಆ ಒಂದು ಹಾಳೆ ಮಾತ್ರ. ತಪ್ಪಾಯಿತು ಎಂದು ದುರ್ಗದ ಡಾಕ್ಟರು ಬರೆದು ಒತ್ತುವ ಒಂದು ಮೊಹರು. ಅದಕ್ಕಾಗಿ ತಮ್ಮ ಬಾಗಿಲಿಗೆ ಬಂದೆ.

ತಮ್ಮ ನೆರವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ಸಲ, ತಪ್ಪು ಮಾಡಿದ್ದೇನೆಂದು ಡಾಕ್ಟರೇ ಬರೆದುಕೊಟ್ಟ ಕಾಗದ ತಂದರೆ ಆ ಕಾಗದವನ್ನು ಅವರಿಂದ ಕೊಡಿಸಲು ದಾವೆ ಹೂಡಬಹುದು ಎಂದಿರಿ. ಇಂಥ ಬುದ್ಧಿ ನಮ್ಮ ಟಗರಿಗೂ ಇಲ್ಲ. ಆದರೂ ಹೋದೆ. ಡಾಕ್ಟರು ನಮ್ಮ ಮನೆಯವರನ್ನು ನೋಡಿ ಕುರ್ಚಿಯಿಂದ ಎದ್ದು ತಬ್ಬಿಕೊಂಡರು. "ಬದುಕಿದ್ದೀಯಾ! ನೋಡಿದೆಯಾ ನನ್ನ ಗುಳಿಗೆ!" ಎಂದರು. ಇಲ್ಲದ ರೋಗವನ್ನು ವಾಸಿ ಮಾಡಿದ ಮಹಾನುಭಾವರು ಅವರು. ಬೆಂಗಳೂರಿನ ಕಾಗದ ತೋರಿಸಿದೆ, "ಇಲ್ಲ ಅಂತ ತಾನೇ ಬರೆದಿದೆ? ನಾನು ವಾಸಿ ಮಾಡಿದ ಮೇಲೆ ಎಲ್ಲಿರುತ್ತೆ?" ಎಂದರು. ಫೋಟೋದವರನ್ನು ಕರೆಸಿ, ನಮ್ಮವರ ಎದೆಯ ಮೇಲೆ ಟವಲು ಹೊದಿಸಿ ಪಟ ತೆಗೆಸಿದರು. ಈಗ ರೋಗಿಗಳು ಕೂರುವ ಹಜಾರದಲ್ಲಿ ದೇವರ ಪಟಗಳ ಸಾಲಿನಲ್ಲಿ ನಮ್ಮ ಮನೆಯವರಿದ್ದಾರೆ, ದಿನಾ ಊದುಬತ್ತಿ ಬೆಳಗುತ್ತಾರಂತೆ. ಹಟ್ಟಿಯಲ್ಲಿ ನಾನು ಒಂದು ದಿನವೂ ಬೆಳಗಿಲ್ಲ.

ಎರಡನೇ ಸಲ ತಾವು, ರೋಗ ವಾಸಿಯಾಗಿದೆ ಅಂತ ಡಾಕ್ಟರು ವಾದಿಸಿದರೆ ನಷ್ಟವನ್ನು ಹೇಗೆ ತೋರಿಸುತ್ತೀರಿ ಎಂದಿರಿ. ಎದೆ ತೋರಿಸುತ್ತೇವೆ ಎಂದೆ, ತಾವು ಕೆಮ್ಮಿದಿರಿ. ಮೂರನೇ ಸಲ ಮನಸ್ಸು ಬಿಚ್ಚಿ ಮಾತಾಡಿದಿರಿ: "ನೋಡಮ್ಮ, ಆಸಾಮಿ ತೀರಿಕೊಂಡಿದ್ರೆ ಕೇಸು ಗಟ್ಟಿ ಇರ್ತಿತ್ತು. ಬದುಕಿರೋನ ಪರವಾಗಿ ಏನಂತ ವಾದ ಮಾಡ್ಲಿ?"

ಈ ಮಾತು ಕೇಳಿ ನಮ್ಮಿಂದ ತಮಗೆ ಎಷ್ಟು ಅನಾನುಕೂಲವಾಗಿದೆ ಎಂದು ನಾಚಿಕೆಯಾಯಿತು. ಆದ್ದರಿಂದ ಕೆಲವು ಅರಿಕೆಗಳು. ಕೋರ್ಟಿನವರಿಗೆ ಹೇಳಿ, ನಮ್ಮವರು ವಾಯಿದೆಯ ದಿನ ಮಾತ್ರ ಸಾಯುವ ಹಾಗೆ ಒಂದು ಹುಕುಂ ಮಾಡಿಸಿ. ಬೆಳಿಗ್ಗೆ ಬಸ್ಸು ಹತ್ತುವ ಮೊದಲೇ ಸತ್ತು ಸಂಜೆಯ ಧರ್ಮಪುರದ ಬಸ್ಸಿಗೆ ಎದ್ದರೆ ಸಾಕು, ಟಿಕೀಟು ಎರಡು ತೆಗೆಯುವ ಬದಲು ಹೋಗುವಾಗ ಒಂದನ್ನು ಹೆಣದ ಲೆಕ್ಕದಲ್ಲಿ ಬಿಡುತ್ತಾರೋ ಕೇಳಿ. ಅದಾಗದಿದ್ದರೆ ಕುರಿಗಳಿಗೆ ಹೊಸ ಕಿವಿ ಮೊಳೆಯುವಂತೆ ಒಂದು ಕಾನೂನು ತನ್ನಿ. ಅದೂ ಆಗದಿದ್ದರೆ, ಡಾಕ್ಟರ ಬೆರಳಿಗೆ ಅರ್ಧ ನಿಮಿಷದ ಬದಲು ಒಂದು ನಿಮಿಷ ನಿಲ್ಲುವಂತೆ ನೋಟೀಸು ಕಳಿಸಿ.

ನಕ್ಕು ಬರೆಯುತ್ತಿದ್ದೇನೆ, ಆದರೆ ಒಂದು ಮಾತು ನಗದೆ ಕೇಳುತ್ತೇನೆ. ಆ ಮೂರು ತಿಂಗಳು ನಾನು ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೆ. ಉಸಿರು ತಾಗಿದ ಮೇಲೆ ಕಡ್ಡಿ ಗೀರುತ್ತಿದ್ದೆ. ತೊಂಬತ್ತು ಬೆಳಗು. ಅವು ತಮ್ಮ ಕಾನೂನಿನ ಯಾವ ಕಲಮಿನ ಕೆಳಗೆ ಬರುತ್ತವೆ? ಬರುವುದಿಲ್ಲವೆಂದರೆ, ನಷ್ಟ ಏನೆಂದು ಇನ್ನೊಬ್ಬ ಹೆಂಗಸನ್ನು ಕೇಳಬೇಡಿ.

ಇನ್ನು ತಮಗೆ ಸಂತೋಷದ ಸುದ್ದಿ. ತಮ್ಮ ಶ್ರಮ ತಪ್ಪಿತು. ಹೋದ ವಾರ ನಾನೊಬ್ಬಳೇ ದುರ್ಗಕ್ಕೆ ಹೋಗಿ, ನಮ್ಮವರ ಪಟಕ್ಕೆ ಕೈ ಮುಗಿದು, ಡಾಕ್ಟರಿಗೂ ಮುಗಿದು, "ಸ್ವಾಮಿ, ತಮ್ಮ ಹೆಸರು ನಮ್ಮ ಸೀಮೆಯಲ್ಲೆಲ್ಲ ಹಬ್ಬಿಸಬೇಕು ಅಂತ ಐತೆ, ಬಾಯಲ್ಲಿ ಹೇಳಿದ್ರೆ ಕುರುಬರು ನಂಬಲ್ಲ, ಎರಡು ಸಾಲು ಬರಕೊಡ್ರಿ" ಎಂದೆ. ತಪ್ಪು ಎಂದು ಒಂದು ಅಕ್ಷರ ಬರೆಯದ ಕೈ, ಒಂದು ಪುಟ ತುಂಬಾ ಬರೆಯಿತು: 'ನನ್ನ ಚಿಕಿತ್ಸೆಯಿಂದ ಪೂರ್ಣ ಗುಣ ಹೊಂದಿದ್ದಾರೆ, ಇನ್ನು ಹತ್ತು ವರ್ಷಕ್ಕೆ ಸಾವಿನ ಭಯವಿಲ್ಲ.' ಸಹಿ. ಎರಡೆರಡು ಮೊಹರು. ಅದನ್ನು ಪಾಲಣ್ಣನ ಎದುರು ಓದಿಸಿದೆ. "ಕೊಡುವಾಗ ಏನಂದ್ರು ನಮ್ಮವರು? ನಾನು ಹೋದ ಮೇಲೆ ನಿಮ್ಮವು ಅಂದ್ರು. ಹತ್ತು ವರ್ಷ ಹೋಗಲ್ಲ ಅಂತ ಡಾಕ್ಟ್ರು ಕೈಯಿಂದಲೇ ಬರೆಸಿ ತಂದೀನಿ" ಎಂದೆ. ಪಾಲಣ್ಣ ಆ ಮಾತು ತಾನೇ ಕೇಳಿದವನು, ಸುಳ್ಳೆನ್ನಲಾರ. ಗೋವಿಂದಪ್ಪ, "ಆದ್ರೆ ಕಿವಿ ನಮ್ಮವು" ಎಂದ. "ಕಿವಿ ನಿನ್ನವೇ ಕಣಪ್ಪ, ಬೇಕಾದ್ರೆ ದಿನಾ ಬಂದು ಮಾತಾಡಿಸ್ಕಂಡು ಹೋಗು" ಎಂದೆ.

ನಲವತ್ತೆರಡರಲ್ಲಿ ನಲವತ್ತು ರೊಪ್ಪಕ್ಕೆ ಬಂದವು. ಎರಡನ್ನು ಕಾಟಲಿಂಗಪ್ಪ ನಮ್ಮವರ ದುಃಖದಲ್ಲಿ ತಿಂದು ಮುಗಿಸಿದ್ದನಂತೆ. ನಿನ್ನೆ ಒಂದು ಕುರಿ ಈಯಿತು. ಯಾರ ಗುರುತೂ ಇಲ್ಲದ ಎರಡು ಕಿವಿ ಹೊತ್ತು ಮರಿ ಹುಟ್ಟಿದೆ. ನಮ್ಮ ಮನೆಯವರು ಕತ್ತರಿ ಹಿಡಿದು ಕೂತಿದ್ದಾರೆ, ಎಡಗಿವಿಯ ತುದಿ ಸೀಳಲು. ಎದೆ ಇನ್ನೂ ಸ್ವಲ್ಪ ನೋವಂತೆ, ಮರಿಯನ್ನು ಬಲಗಡೆಯೇ ಅವುಚಿಕೊಂಡಿದ್ದಾರೆ.

ತಪ್ಪಾಯಿತು ಎಂಬ ಆ ಹಾಳೆ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ತಮ್ಮ ಬಾಗಿಲಿಗೆ ಬರುತ್ತಲೇ ಇರುತ್ತೇನೆ, ಬರುವಾಗ ಹುರಿಗಡಲೆ ತರುತ್ತೇನೆ.

ಗಂಡನನ್ನು ಬದುಕಿಸಿಕೊಂಡು ತಮ್ಮ ಕೇಸನ್ನು ಕೆಡಿಸಿದ ಅಪರಾಧಿ,
ತಮ್ಮ ವಿಶ್ವಾಸಿ,
ಹುಚ್ಚಕ್ಕ

ಮರೆತ ಮಾತು: ಮೂರನೇ ಸಲ ನಾನು ತಮ್ಮೆದುರು ಅರ್ಧ ಗಂಟೆ ಕೂತಿದ್ದಾಗ ತಾವು ನಾಲ್ಕು ಸಲ ಎದ್ದು ಹಿತ್ತಿಲಿಗೆ ಹೋಗಿ ಬಂದಿರಿ, ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು. ವಯಸ್ಸಿನ ಊತವೇ ಇರಬೇಕು, ಹೆದರಬೇಡಿ. ಬೆಂಗಳೂರಿಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಿ. ದುರ್ಗದವರ ಹತ್ತಿರವೇ ಹೋಗುವುದಾದರೆ, ಮೊದಲು ಆ ಕಪಾಟಿನ ಕಾನೂನು ಪುಸ್ತಕಗಳನ್ನು ಒಬ್ಬರ ಹೆಸರಿಗೆ ಮಾಡಿಬಿಡಿ. ಅವುಗಳ ಕಿವಿ ಕೊಯ್ಯಲು ನಮ್ಮವರು ಕತ್ತರಿ ತರುತ್ತಾರೆ. ಆಮೇಲೆ ತಾವು ಬದುಕಿ ಉಳಿದು ಕೇಸು ಕೆಟ್ಟರೆ, ಬಂದು ನನ್ನ ಎದುರು ಕೂತು ಹೇಳಿ, ನಾನು ಕಣ್ಣು ಮುಚ್ಚಿ ಗಮನವಿಟ್ಟು ಕೇಳುತ್ತೇನೆ.